ಬಿ.ಆರ್. ಶೇಷಾಚಾರ್: ಕೋಶವಿಜ್ಞಾನಿಯನ್ನು ಅಳೆಯಲು ಉಲ್ಲೇಖದ ಲೆಕ್ಕ ಸಾಕೇ?

ವಿಜ್ಞಾನಿಯೊಬ್ಬರ ಕೆಲಸ ಎಷ್ಟು ದೊಡ್ಡದು ಅಂತ ಕೇಳಿದರೆ ವಿಶ್ವವಿದ್ಯಾಲಯಗಳು ಇವತ್ತು ಮೊದಲು ನೋಡೋದು ಎರಡು ಸಂಖ್ಯೆ: ಎಷ್ಟು ಪ್ರಬಂಧ ಬರೆದಿದ್ದಾರೆ, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ. ನೇಮಕಾತಿ, ಬಡ್ತಿ, ಅನುದಾನ ಎಲ್ಲದರಲ್ಲೂ ಈ ಲೆಕ್ಕ ಬರುತ್ತದೆ. ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ನೋಡಲು ಬಿ.ಆರ್. ಶೇಷಾಚಾರ್ ಒಳ್ಳೆಯ ಉದಾಹರಣೆ.

ಯಾರಿವರು?

ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ ಕೋಶವಿಜ್ಞಾನಿ. ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರೂ ಆದರು. ಆರಂಭದಲ್ಲಿ ಅವರು ಕೈಗೆತ್ತಿಕೊಂಡ ಜೀವಿ ಸಿಸಿಲಿಯನ್: ಕಪ್ಪೆಯ ಬಳಗಕ್ಕೆ ಸೇರಿದ, ಕಾಲಿಲ್ಲದ ಉಭಯಚರ. ಪಶ್ಚಿಮಘಟ್ಟದ ಒದ್ದೆ ಮಣ್ಣಿನಲ್ಲಿ, ಕಾಫಿ ತೋಟದ ತರಗೆಲೆಯ ಕೆಳಗೆ ಬದುಕುತ್ತದೆ. ಕಂಡವರು ಎರೆಹುಳು ಅಂತಲೋ ಹಾವು ಅಂತಲೋ ಅಂದುಕೊಳ್ಳುವುದೇ ಹೆಚ್ಚು.

ಇದರ ವೀರ್ಯಾಣು ಹೇಗೆ ರೂಪುಗೊಳ್ಳುತ್ತದೆ ಎಂಬ ಬಗ್ಗೆ ಶೇಷಾಚಾರ್ 1936 ಮತ್ತು 1937ರಲ್ಲಿ ಜರ್ಮನಿಯ ಕೋಶವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದರು. ಅದೇ ಪತ್ರಿಕೆ ಇವತ್ತಿನ 'ಸೆಲ್ ಅಂಡ್ ಟಿಶ್ಯೂ ರಿಸರ್ಚ್'. ಅದರ ಕ್ರೋಮೋಸೋಮ್‌ಗಳ ಬಗೆಗಿನ ಪ್ರಬಂಧ 1937ರಲ್ಲೇ ಜಪಾನಿನ 'ಸೈಟೋಲಾಜಿಯಾ'ದಲ್ಲಿ ಬಂತು.

ಲೆಕ್ಕ ಹೇಗೆ ನಡೆಯುತ್ತದೆ?

ಯೂಜೀನ್ ಗಾರ್ಫೀಲ್ಡ್ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂದಿದ್ದು 1964ರಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ಅಳೆಯುವುದು ಪತ್ರಿಕೆಯನ್ನು, ವ್ಯಕ್ತಿಯನ್ನಲ್ಲ: ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ. 2005ರಲ್ಲಿ ಜಾರ್ಜ್ ಹಿರ್ಶ್ ಸೂಚಿಸಿದ ಎಚ್-ಇಂಡೆಕ್ಸ್ ವ್ಯಕ್ತಿಯದ್ದು: ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿದ್ದರೆ 10. ಬರೀ 5 ಪ್ರಬಂಧ ಬರೆದವರಿಗೆ, ಅವು ಎಷ್ಟೇ ಮಹತ್ವದ್ದಾಗಿರಲಿ, 5ಕ್ಕಿಂತ ಹೆಚ್ಚು ಸಿಗುವುದೇ ಇಲ್ಲ.

ಎಲ್ಲಿ ಸೋರುತ್ತದೆ?

ಒಂದು, ಕಾಲ. ಕೇರಳದ ಸಂಶೋಧಕರು ಸಿಸಿಲಿಯನ್ ವೀರ್ಯಾಣುಗಳ ರಚನೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಪ್ರಕಟಿಸಿದ್ದು 2004ರಲ್ಲಿ. ಶೇಷಾಚಾರ್ ಹಾಕಿದ ಬುನಾದಿ 67 ವರ್ಷದ ನಂತರವೂ ಬೇಕಾಯಿತು. ಎರಡು ವರ್ಷದ ಕಿಟಕಿಯಲ್ಲಿ ಇದು ಕಾಣಲ್ಲ.

ಎರಡು, ಹೆಸರು. ಶೇಷಾಚಾರ್ ಬಳಸಿದ 'ಇಕ್ತಿಯೋಫಿಸ್ ಗ್ಲುಟಿನೋಸಸ್' ಎಂಬ ಹೆಸರು ಈಗ ಶ್ರೀಲಂಕಾದ ಪ್ರಭೇದಕ್ಕೆ ಮಾತ್ರ ಸಲ್ಲುತ್ತದೆ. ನಮ್ಮ ಕಡೆಯವುಗಳಿಗೆ ಬೆಡ್ಡೋಮಿ, ಟ್ರೈಕಲರ್ ಮುಂತಾದ ಹೆಸರುಗಳಿವೆ. ಹೊಸ ಹೆಸರು ಹಾಕಿ ಹುಡುಕಿದವರಿಗೆ ಹಳೆಯ ಪ್ರಬಂಧ ಸುಲಭಕ್ಕೆ ಸಿಗಲ್ಲ.

ಮೂರು, ಲೆಕ್ಕಕ್ಕೇ ಬಾರದ ಉಲ್ಲೇಖ. 'ಕರೆಂಟ್ ಸೈನ್ಸ್' ಪತ್ರಿಕೆಯ ಸ್ಥಾಪಕ ಸಂಪಾದಕ, ಸೆಂಟ್ರಲ್ ಕಾಲೇಜಿನವರೇ ಆದ ಸಿ.ಆರ್. ನಾರಾಯಣ ರಾವ್ ಅದೇ 1937ರಲ್ಲಿ ಸಕಲೇಶಪುರದ ಕೆಂಪುಹೊಳೆ ಕಾಡಿನ ಕಪ್ಪೆಯೊಂದನ್ನು ವಿವರಿಸಿದರು. ಇವತ್ತಿಗೂ ಅದು 'ಕೆಂಪೊಲೆಯೆನ್ಸಿಸ್'. ಪ್ರಭೇದದ ಹೆಸರಿನ ಜೊತೆ 'ರಾವ್, 1937' ಅಂತ ಬರೆಯುತ್ತಾರೆ, ಆದರೆ ಎಷ್ಟೋ ಸಲ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಪಟ್ಟಿಯಲ್ಲಿಲ್ಲದ್ದು ಉಲ್ಲೇಖವೇ ಅಲ್ಲ.

ಇದರ ಮೇಲೆ ಕ್ಷೇತ್ರದ ಗಾತ್ರ ಬೇರೆ. ಕ್ಯಾನ್ಸರ್ ಕೋಶದ ಬಗ್ಗೆ ಬರೆಯುವವರು ಸಾವಿರಾರು, ಸಿಸಿಲಿಯನ್ ಕೋಶದ ಬಗ್ಗೆ ಬರೆಯುವವರು ಬೆರಳೆಣಿಕೆ.

ಹಾಗಾದರೆ ಸಂಖ್ಯೆಯೇ ಬೇಡವೇ?

ಬೇಕು. ಸಂದರ್ಶನದಲ್ಲಿ ಜಾತಿ, ಶಿಫಾರಸು ಓಡಾಡುವ ದೇಶದಲ್ಲಿ, ಹಿಂದೆ ಯಾರೂ ಇಲ್ಲದ ಹುಡುಗಿಯೊಬ್ಬಳಿಗೆ ತೋರಿಸಲು ಇರುವುದು ಕೆಲವೊಮ್ಮೆ ಆ ಸಂಖ್ಯೆ ಮಾತ್ರ. ಎಂಜಿನಿಯರಿಂಗ್ ಓದಿದ ನನಗೆ ಅಳತೆಯ ಮೇಲೆ ಸಿಟ್ಟಿಲ್ಲ. ಆದರೆ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಏಲಕ್ಕಿ ತೂಗಿ, ತೂಕವೇ ಇಲ್ಲ ಅನ್ನಬಾರದು.

ಕೋಶವಿಜ್ಞಾನಿಗಳೇ ಈ ಮಾತು ಹೇಳಿದ್ದಾರೆ. 2012ರ ಡಿಸೆಂಬರಿನಲ್ಲಿ ಅಮೆರಿಕದ ಕೋಶವಿಜ್ಞಾನ ಸಂಘದ ವಾರ್ಷಿಕ ಸಮಾವೇಶದಲ್ಲಿ ರೂಪುಗೊಂಡ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯ ಮುಖ್ಯ ಸಲಹೆ: ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯನ್ನು ಅಳೆಯಬೇಡಿ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಾವು ಕೇಳಬಹುದಾದ್ದು ಇಷ್ಟು: ಅಭ್ಯರ್ಥಿಯೇ ಆರಿಸಿಕೊಟ್ಟ ಮೂರು ಪ್ರಬಂಧಗಳನ್ನು ಸಮಿತಿ ಓದಲಿ, ಆಯ್ಕೆಯ ಕಾರಣವನ್ನು ಲಿಖಿತವಾಗಿ ಪ್ರಕಟಿಸಲಿ, ಸಂಖ್ಯೆಯನ್ನು ಅದೇ ಕ್ಷೇತ್ರದವರ ಜೊತೆ ಮಾತ್ರ ಹೋಲಿಸಲಿ. ಆಗ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಮಣ್ಣು ಕೆದಕಿ ಸಿಸಿಲಿಯನ್ ಹುಡುಕುವ ಸಂಶೋಧಕಿಗೂ ಕೆಲಸ ಸಿಗುವ ದಾರಿ ಇರುತ್ತದೆ.