ಹುಟ್ಟದ ಇಲಿಗಳ ಲೆಕ್ಕ

ಸಂಜೆ ಕ್ಯಾಶ್ ತಾಳೆ ಆಗದಿದ್ದರೆ ನಮ್ಮ ಬ್ಯಾಂಕಿನವರಿಗೆ ಊಟ ರುಚಿಸೋದಿಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ ಈ ಬಿ.ಕಾಂ. ಪದವೀಧರನಿಗೆ ತಳಿವಿಜ್ಞಾನದಲ್ಲಿ ರುಚಿ ಹತ್ತಿಸಿದ್ದೂ ತಾಳೆಯಾಗದ ಒಂದು ಲೆಕ್ಕವೇ!

1905ರ ಮಾತು. ಫ್ರಾನ್ಸಿನ ನಾನ್ಸಿಯಲ್ಲಿ ಲೂಸಿಯನ್ ಕ್ವೆನೊ ಎಂಬ ಪ್ರಾಧ್ಯಾಪಕರಿಗೆ, ಹಳದಿ ಇಲಿಗೆ ಹಳದಿ ಇಲಿಯನ್ನೇ ಕೂಡಿಸಿದರೂ ಅಪ್ಪಟ ಹಳದಿ ತಳಿ ಸಿಗಲೇ ಇಲ್ಲ. ಹಳದಿ ಅಂಡವೂ ಹಳದಿ ವೀರ್ಯಾಣುವೂ ಕೂಡುವುದೇ ಇಲ್ಲವೇನೋ ಅಂದುಕೊಂಡರು. 1910ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಅವರ ಶಿಷ್ಯ ಲಿಟಲ್ ಎಣಿಸಿದರು: 1,235 ಮರಿಗಳಲ್ಲಿ 800 ಹಳದಿ. ಮೆಂಡೆಲ್ ಪ್ರಕಾರ ನಾಲ್ಕರಲ್ಲಿ ಮೂರು ಇರಬೇಕು, ಇದ್ದದ್ದು ಮೂರರಲ್ಲಿ ಎರಡು. ಅಂದರೆ ನಾಲ್ಕರಲ್ಲಿ ಒಂದು ಮರಿ ಗರ್ಭದಲ್ಲೇ ಸಾಯುತ್ತಿತ್ತು. ಕಾಣದ ಮರಿಯನ್ನು ಕಂಡವರ ಸಂಖ್ಯೆಯಿಂದ ಹಿಡಿದದ್ದು ಹೀಗೆ.

ಅದೇ ಲಿಟಲ್ 1929ರಲ್ಲಿ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾಕ್ಸನ್ ಪ್ರಯೋಗಾಲಯ ಕಟ್ಟಿದರು. ಬೇಕಾದ ಜೀನನ್ನೇ ಆರಿಸಿ ಕೆಡಿಸಿದ 'ನಾಕೌಟ್' ಇಲಿಗಳು ಬಂದದ್ದು 1989ರಲ್ಲಿ. ಕಪೆಕಿ, ಇವಾನ್ಸ್, ಸ್ಮಿಥೀಸ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಆಮೇಲೆ ಅಚ್ಚರಿ ಮೇಲೆ ಅಚ್ಚರಿ. ಪಿ53 ಎಂಬ ಮಹತ್ವದ ಜೀನ್ ಇಲ್ಲದ ಇಲಿಗಳು 1992ರಲ್ಲಿ ಸಲೀಸಾಗಿ ಹುಟ್ಟಿದವು, ಆದರೆ ಬೇಗನೆ ಗೆಡ್ಡೆಗಳಿಗೆ ತುತ್ತಾದವು. ಯಾವ ಜೀನ್ ಅನಿವಾರ್ಯ ಅನ್ನೋದು ಊಹೆಯಿಂದ ತಿಳಿಯುವಂಥದ್ದಲ್ಲ.

ಅದಕ್ಕೇ 2011ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ 'ಐಎಂಪಿಸಿ' ಎಂಬ ಒಕ್ಕೂಟ ಮಾಡಿಕೊಂಡವು. ಅದರ ಡೇಟಾಬೇಸಿನಲ್ಲಿ ಜೀನಿನ ಹೆಸರು ಹಾಕಿ ನೋಡಿ, ಬದುಕುತ್ತದೋ ಇಲ್ಲವೋ ಬರೆದಿರುತ್ತದೆ. ನಿಯಮ ನಮ್ಮ ಲೆಡ್ಜರಿನಷ್ಟೇ ಸರಳ. ತಂದೆ ತಾಯಿ ಇಬ್ಬರಲ್ಲೂ ಜೀನಿನ ಒಂದು ಪ್ರತಿ ಕೆಟ್ಟಿದೆ. ಕನಿಷ್ಠ 28 ಮರಿಗಳನ್ನು ಪರೀಕ್ಷಿಸಬೇಕು. ಎರಡೂ ಪ್ರತಿ ಕೆಟ್ಟವು ಅದರಲ್ಲಿ 7 ಇರಬೇಕು. ಒಂದೂ ಇಲ್ಲದಿದ್ದರೆ 'ಮಾರಕ'. ನಿರೀಕ್ಷೆಯ ಅರ್ಧಕ್ಕಿಂತ ಕಡಿಮೆಯಾದರೆ 'ಅರೆಬದುಕು'. 2016ರಲ್ಲಿ ಪ್ರಕಟವಾದ ಲೆಕ್ಕ: 1,751 ಜೀನುಗಳಲ್ಲಿ 410 ಮಾರಕ, 198 ಅರೆಬದುಕು.

ಓದುವಾಗ ಎರಡು ಎಚ್ಚರ. ಖಾನೆ ಖಾಲಿ ಇದ್ದರೆ 'ಬದುಕುತ್ತದೆ' ಎಂದಲ್ಲ, 'ಇನ್ನೂ ನೋಡಿಲ್ಲ' ಎಂದಿರಬಹುದು. ಇನ್ನು, ಇಲಿಯ ತಳಿ ಯಾವುದು ಅಂತಲೂ ನೋಡಬೇಕು: ಇಜಿಎಫ್‌ಆರ್ ಎಂಬ ಜೀನ್ ಕೆಟ್ಟರೆ ಕೆಲವು ತಳಿಗಳಲ್ಲಿ ಭ್ರೂಣ ಆರಂಭದಲ್ಲೇ ಸಾಯುತ್ತದೆ, ಕೆಲವದರಲ್ಲಿ ಮರಿ ಹುಟ್ಟಿ ಮೂರು ವಾರದವರೆಗೂ ಬದುಕುತ್ತದೆ ಎಂದು 1995ರಲ್ಲೇ ತಿಳಿದಿತ್ತು.

ಇಲಿಯ ಲೆಕ್ಕ ನಮಗ್ಯಾಕೆ ಅಂತೀರಾ? ಈ ಮಾರಕ ಜೀನುಗಳಲ್ಲಿ ಮನುಷ್ಯರ ಕಾಯಿಲೆಗೆ ಕಾರಣವಾಗುವಂಥವು ಹೆಚ್ಚು ಅಂತ ಅದೇ 2016ರ ಅಧ್ಯಯನ ತೋರಿಸಿತು. ಬಸಿರು ನಿಲ್ಲದಿದ್ದರೆ ಸೊಸೆಯನ್ನು ದೂರುವ ಮನೆಗಳು ನಮ್ಮಲ್ಲಿ ಈಗಲೂ ಉಂಟು, ಊರಲ್ಲೂ ಇಲ್ಲಿನ ಫ್ಲ್ಯಾಟುಗಳಲ್ಲೂ. ಬಸಿರು ಹೋಗಲು ಕಾರಣ ನೂರಿರಬಹುದು. ಆದರೆ ಇಂಥ ಜೀನುಗಳ ಮಟ್ಟಿಗಾದರೂ ಲೆಕ್ಕ ಸ್ಪಷ್ಟ: ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು.