ಟಾಟಾ ಇನ್‌ಸ್ಟಿಟ್ಯೂಟಿನ ಗೋಡೆಯ ಆಚೆ



ಅಮರಾಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ಬರುವುದು ನಮಗೇನೂ ಹೊಸದಲ್ಲ. ಸಿರಾ ದಾಟಿ, ತುಮಕೂರು ದಾಟಿ ಯಶವಂತಪುರದಲ್ಲಿ ಇಳಿಯುತ್ತೇವೆ. ಆಸ್ಪತ್ರೆಗೋ, ಮಗನ ಕೆಲಸಕ್ಕೋ ಅಲೆಯುವಾಗ ಸಿಟಿ ಬಸ್ಸಿನ ಕಂಡಕ್ಟರು "ಟಾಟಾ ಇನ್‌ಸ್ಟಿಟ್ಯೂಟ್" ಎಂದು ಕೂಗುವುದನ್ನು ನೀವೂ ಕೇಳಿರುತ್ತೀರಿ. ಉದ್ದನೆಯ ಗೋಡೆ, ಒಳಗೆ ದೊಡ್ಡ ದೊಡ್ಡ ಮರಗಳು. ಒಳಗೆ ಏನು ನಡೆಯುತ್ತದೆ ಎಂದು ಕೇಳಲು ನಮಗೆ ಪುರುಸೊತ್ತು ಎಲ್ಲಿ? ಇವತ್ತು ಆ ಗೋಡೆಯ ಆಚೆ ನಡೆದ ಒಂದು ಕೆಲಸದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತೇನೆ. ಕಡೆಯಲ್ಲಿ ಅದು ನಮ್ಮ ಮನೆಯ ಮದುವೆ ಮಾತುಕತೆಗೇ ಬಂದು ನಿಲ್ಲುತ್ತದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ಅದರ ಪೂರ್ತಿ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಜಮ್ಷೆಡ್‌ಜಿ ಟಾಟಾ ಅವರು ಹಣ ಮೀಸಲಿಟ್ಟರು, ಮೈಸೂರು ಸಂಸ್ಥಾನ ಸುಮಾರು 371 ಎಕರೆ ನೆಲ ಕೊಟ್ಟಿತು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿ ಸಂಶೋಧನೆಗೆ ಸೀಟು ಕೇಳಿದಳು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು, ಹೆಂಗಸು ಎಂಬ ಕಾರಣಕ್ಕೆ, ಮೊದಲು ಒಪ್ಪಲಿಲ್ಲ. ಹುಡುಗಿ ಹಟ ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಯ ಮೇಲೆ ಇರಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಅವರೇ. ಆ ಬಾಗಿಲನ್ನು ದಾಟಲು ಆ ಹೆಣ್ಣುಮಗಳು ಇಷ್ಟು ಹಟ ಹಿಡಿಯಬೇಕಾಯಿತು. ಅದೇ ಬಾಗಿಲಿನಿಂದ 1990ರಲ್ಲಿ ಪ್ರಾಧ್ಯಾಪಕಿಯಾಗಿ ಒಳಗೆ ಬಂದವರು ಉಷಾ ವಿಜಯರಾಘವನ್. ಇವತ್ತಿನ ಮಾತು ಅವರ ಕೆಲಸವನ್ನು ಕುರಿತದ್ದು.

ಅವರ ಕೆಲಸ ಏನು ಎಂದು ತಿಳಿಯಬೇಕಾದರೆ ಮೊದಲು ನಮ್ಮ ಹೇಮಾವತಿಗೆ ಹೋಗಿಬರೋಣ. ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಆ ಕಾಲದ ಕನ್ನಡ ಶಾಸನಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತು. ಅಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿರುತ್ತವೆ. ಎಲ್ಲಿ ಬಿಡಿಸಿ ಓದಬೇಕು ಎಂಬುದು ಓದುವವನಿಗೇ ಗೊತ್ತಿರಬೇಕು. ತಪ್ಪಾಗಿ ಬಿಡಿಸಿದರೆ ದಾನ ಕೊಟ್ಟವನೇ ದಾನ ಪಡೆದವನಾಗಿಬಿಡಬಹುದು.

ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇಂಥದೇ ಒಂದು ಬರಹವಿದೆ. ಡಿ.ಎನ್.ಎ. ಎಂದು ಅದರ ಹೆಸರು. ಅದರಲ್ಲಿರುವುದು ನಾಲ್ಕೇ ಅಕ್ಷರ. ಆ ಬರಹದ ಒಂದು ತುಂಡನ್ನು ವಂಶವಾಹಿ, ಅಂದರೆ ಜೀನ್, ಎನ್ನುತ್ತಾರೆ. ಮೂಲ ಪ್ರತಿ ಪೆಟ್ಟಿಗೆಯಲ್ಲೇ ಇರುತ್ತದೆ. ಬೇಕಾದಾಗ ಅದರ ನಕಲು ತೆಗೆಯುತ್ತಾರೆ. ಆ ನಕಲೇ ಆರ್.ಎನ್.ಎ. ನಕಲನ್ನು ಓದಿ ಕೋಶವು ಪ್ರೋಟೀನು ತಯಾರಿಸುತ್ತದೆ. ಇಲ್ಲಿಯವರೆಗಿನದು ಹೈಸ್ಕೂಲು ಪುಸ್ತಕದಲ್ಲೇ ಇದೆ.

1977ರವರೆಗೆ ವಿಜ್ಞಾನಿಗಳು ಈ ಬರಹ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿ ಸಾಗುತ್ತದೆ ಎಂದು ನಂಬಿದ್ದರು. ಆ ವರ್ಷ ಅಮೆರಿಕದಲ್ಲಿ ಎರಡು ತಂಡಗಳು ನೆಗಡಿ ತರುವ ಜಾತಿಯ ಒಂದು ವೈರಸ್ಸಿನಲ್ಲಿ ಬೇರೆಯದನ್ನೇ ಕಂಡವು. ಮೂಲದಲ್ಲಿದ್ದ ಉದ್ದುದ್ದ ತುಂಡುಗಳು ನಕಲಿನಲ್ಲಿ ಇರಲೇ ಇಲ್ಲ! ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ತುಂಡುಗಳು ಜೋಡಿಯಿಲ್ಲದೆ ಕುಣಿಕೆಗಳಂತೆ ಹೊರಗೆ ಚಾಚಿದ್ದವು. ಅದನ್ನು ಕಂಡ ತಂಡಗಳಲ್ಲಿ ಲೂಯಿಸ್ ಚೌ, ಸೂಸನ್ ಬರ್ಗೆಟ್ ಎಂಬ ಇಬ್ಬರು ಹೆಂಗಸರೂ ಇದ್ದರು. 1993ರಲ್ಲಿ ನೊಬೆಲ್ ಬಹುಮಾನ ಬಂದಾಗ ಅದು ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಇಬ್ಬರಿಗೆ ಮಾತ್ರ ಸಂದಿತು.

ಆಗಿದ್ದೇನು ಎಂದರೆ, ನಮ್ಮ ವಂಶವಾಹಿಗಳಲ್ಲಿ ಅರ್ಥವಿರುವ ತುಂಡುಗಳ ನಡುವೆ ಬೇಡದ ತುಂಡುಗಳೂ ಸೇರಿಕೊಂಡಿವೆ. ಬೇಕಾದವು ಎಕ್ಸಾನ್, ನಡುವಿನವು ಇಂಟ್ರಾನ್. ಕೋಶವು ನಕಲು ತೆಗೆದ ಮೇಲೆ ಇಂಟ್ರಾನುಗಳನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಬೆಸೆಯುತ್ತದೆ. ಈ ಕೆಲಸಕ್ಕೆ ಸ್ಪ್ಲೈಸಿಂಗ್ ಎಂದು ಹೆಸರು. ಒಂದು ಉದಾಹರಣೆ ನೋಡಿ. "ಅಮ್ಮಮುಕಟಪಕಟಪದ್ದೆಮಾಡಿದಳು" ಎಂದು ಬರೆದಿದೆ ಎನ್ನಿ. ನಡುವಿನ "ಕಟಪಕಟಪ" ತೆಗೆದರೆ "ಅಮ್ಮ ಮುದ್ದೆ ಮಾಡಿದಳು" ಎಂದಾಗುತ್ತದೆ. ಒಂದೇ ಅಕ್ಷರ ಆಚೀಚೆ ಕತ್ತರಿಸಿದರೆ "ಅಮ್ಮ ಮುಪದ್ದೆ ಮಾಡಿದಳು". ಮನೆಯವರಿಗೆ ಆ ರಾತ್ರಿ ಊಟವಿಲ್ಲ.

ಹಾಗಾದರೆ ಎಲ್ಲಿ ಕತ್ತರಿಸಬೇಕು ಎಂದು ಕೋಶಕ್ಕೆ ತಿಳಿಯುವುದು ಹೇಗೆ? ಹೊಲಕ್ಕೆ ಬಾಂದು ಕಲ್ಲು ಇದ್ದಂತೆ, ಪ್ರತಿ ಇಂಟ್ರಾನಿನ ಎರಡು ತುದಿಯಲ್ಲೂ ಗುರುತಿನ ಅಕ್ಷರಗಳಿವೆ. ಗಡಿ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1953ರಲ್ಲಿ ರಾಯದುರ್ಗ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. 2022ರಲ್ಲಿ ನಮ್ಮ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆ ಅತ್ತಿತ್ತ ಹೋದರೆ ಎಷ್ಟು ಕಾಗದ ತಿದ್ದಬೇಕಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ.

ಈ ಬಾಂದು ಕಲ್ಲುಗಳನ್ನು ಗುರುತಿಸಿ ಕತ್ತರಿ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಹಿಡಿದವರಲ್ಲಿ ಉಷಾ ವಿಜಯರಾಘವನ್ ಒಬ್ಬರು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪದವಿ, ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಎಂ.ಎಸ್ಸಿ. ಮುಗಿಸಿ, ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಜಾನ್ ಏಬಲ್ಸನ್ ಅವರ ಪ್ರಯೋಗಾಲಯಕ್ಕೆ ಸೇರಿದರು. ಅಲ್ಲಿ ಅವರು ಆರಿಸಿಕೊಂಡ ಜೀವಿ ಯಾವುದು ಗೊತ್ತೆ? ಬೇಕರಿಯ ಬನ್ನನ್ನು ಉಬ್ಬಿಸುವ ಯೀಸ್ಟ್. ಅದು ಒಂದೇ ಕೋಶದ ಜೀವಿ, ಬೇಗ ಬೆಳೆಯುತ್ತದೆ, ಸಾಕುವ ಖರ್ಚೂ ಕಡಿಮೆ. ಆದರೂ ಕತ್ತರಿಸಿ ಬೆಸೆಯುವ ಅದರ ವಿಧಾನ ಬಹುಮಟ್ಟಿಗೆ ನಮ್ಮದೇ.

ಮೊದಲು ಅವರು ಇಂಟ್ರಾನಿನ ಗುರುತಿನ ಅಕ್ಷರಗಳನ್ನು ಬದಲಿಸಿ ಏನಾಗುತ್ತದೆ ಎಂದು ನೋಡಿದರು. 1986ರಲ್ಲಿ ಆ ಪ್ರಬಂಧ ಬಂತು. ಕೆಲವು ಅಕ್ಷರ ಕೆಟ್ಟರೆ ಮೊದಲ ಹಂತದಲ್ಲೇ ಕೆಲಸ ನಿಲ್ಲುತ್ತದೆ, ಕೆಲವು ಕೆಟ್ಟರೆ ಎರಡನೆಯ ಹಂತದಲ್ಲಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಹಂತ ಎಂದರೆ ಇಷ್ಟೇ. ಮೊದಲು ಇಂಟ್ರಾನಿನ ಎಡಗಡಿಯನ್ನು ಕತ್ತರಿಸಿ, ಆ ತುದಿಯನ್ನು ಬಗ್ಗಿಸಿ ಕುಣಿಕೆ ಮಾಡಲಾಗುತ್ತದೆ. ಆಮೇಲೆ ಬಲಗಡಿಯನ್ನು ಕತ್ತರಿಸಿ ಎರಡು ಎಕ್ಸಾನುಗಳನ್ನು ಬೆಸೆಯಲಾಗುತ್ತದೆ.

ನಂತರ ಕತ್ತರಿ ಹಿಡಿದ ಕೈಗಳ ಹುಡುಕಾಟ. ಇದಕ್ಕೆ ಅವರು ಅನುಸರಿಸಿದ್ದು ಸರಳವಾದ ಉಪಾಯ. ತಂಪಿನಲ್ಲಿ ಚೆನ್ನಾಗಿ ಬೆಳೆದು, 37 ಡಿಗ್ರಿ ಬಿಸಿಯಲ್ಲಿ ಸಾಯುವ ಯೀಸ್ಟ್ ತಳಿಗಳನ್ನು ಒಟ್ಟುಹಾಕುವುದು. ಅವುಗಳಲ್ಲಿ ಯಾವುದರೊಳಗೆ ಬಿಸಿಯಾದಾಗ ಕತ್ತರಿಸದ ಆರ್.ಎನ್.ಎ. ರಾಶಿ ಬೀಳುತ್ತದೆ ಎಂದು ಒಂದೊಂದನ್ನೇ ಪರೀಕ್ಷಿಸುವುದು. ಹಾಗೆ ರಾಶಿ ಬಿದ್ದಿದ್ದರೆ ಆ ತಳಿಯಲ್ಲಿ ಕತ್ತರಿಸುವ ಯಂತ್ರದ ಒಂದು ಭಾಗ ಕೆಟ್ಟಿದೆ ಎಂದು ಅರ್ಥ. ಉಪಾಯ ಸರಳ, ದುಡಿಮೆ ಮಾತ್ರ ಅಪಾರ. 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರೂ ಸಂಗಡಿಗರೂ ಪಿ.ಆರ್.ಪಿ. 17ರಿಂದ 27ರವರೆಗೆ ಹನ್ನೊಂದು ಹೊಸ ವಂಶವಾಹಿಗಳನ್ನು ಗುರುತಿಸಿದ್ದರು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಅವುಗಳಲ್ಲಿ ಹಲವನ್ನು ಕರೆಯುವುದು ಆ ಅಂಕಿಗಳಿಂದಲೇ.

1990ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಅವರು ಎರಡನೆಯ ಹಂತದ ಕೆಲಸಗಾರರನ್ನು ಕೈಗೆತ್ತಿಕೊಂಡರು. ಪಿ.ಆರ್.ಪಿ. 17ರ ಮೇಲೆ ಅವರ ವಿದ್ಯಾರ್ಥಿಗಳು ಮಾಡಿದ ಕೆಲಸ 1996ರಲ್ಲಿ ಪ್ರಕಟವಾಯಿತು. ಅದೇ ಪ್ರೋಟೀನು ಮನುಷ್ಯನಲ್ಲೂ ಇದೆ ಎಂದು 1998ರಲ್ಲಿ ಅಮೆರಿಕದ ಪ್ರಯೋಗಾಲಯಗಳು ತೋರಿಸಿದವು. ಬನ್ನಿನ ಯೀಸ್ಟಿನಲ್ಲಿ ಇಂಟ್ರಾನುಗಳು ಕಡಿಮೆ, ಸುಮಾರು ಮುನ್ನೂರು. ಆದ್ದರಿಂದ ಅವರ ತಂಡ ಪೊಂಬೆ ಎಂಬ ಇನ್ನೊಂದು ಜಾತಿಯ ಯೀಸ್ಟನ್ನೂ ಹಿಡಿಯಿತು. ಅದರಲ್ಲಿ ಸುಮಾರು ಐದು ಸಾವಿರ ಇಂಟ್ರಾನುಗಳಿವೆ. ಈ ಯೀಸ್ಟ್ ವಿಜ್ಞಾನಕ್ಕೆ ಪರಿಚಯವಾದದ್ದು 1893ರಲ್ಲಿ, ಪೂರ್ವ ಆಫ್ರಿಕದ ಸಿರಿಧಾನ್ಯದ ಹೆಂಡದಿಂದ. ಪೊಂಬೆ ಎಂದರೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಹೆಂಡ ಎಂದೇ ಅರ್ಥ. 2015ರಲ್ಲಿ ಚೀನಾದ ವಿಜ್ಞಾನಿಗಳು ಕತ್ತರಿಸುವ ಯಂತ್ರದ ಸೂಕ್ಷ್ಮ ಚಿತ್ರವನ್ನು ಮೊದಲ ಬಾರಿಗೆ ತೆಗೆದದ್ದೂ ಈ ಪೊಂಬೆಯಿಂದಲೇ.

ಇದರ ಜೊತೆಗೆ ಅವರು ಭತ್ತದ ಹೂವಿನ ಮೇಲೂ ಕೆಲಸ ಮಾಡಿದರು. ಭತ್ತದ ಕಾಳನ್ನು ಮುಚ್ಚಿಕೊಂಡಿರುವ ಹೊಟ್ಟು ರೂಪುಗೊಳ್ಳುವುದರಲ್ಲಿ ಒಂದು ವಂಶವಾಹಿಯ ಪಾತ್ರವೇನು ಎಂದು 2001ರಲ್ಲಿ, ಭತ್ತ ಯಾವಾಗ ತೆನೆಯೊಡೆಯಬೇಕು ಎಂಬುದನ್ನು ಇನ್ನೊಂದು ಹೇಗೆ ನಿರ್ಧರಿಸುತ್ತದೆ ಎಂದು 2008ರಲ್ಲಿ ಅವರ ತಂಡ ತೋರಿಸಿತು. ಮುಂದೆ ಅವರು ಸಂಸ್ಥೆಯ ಜೀವವಿಜ್ಞಾನ ವಿಭಾಗದ ಡೀನ್ ಆದರು.

ಈಗ ನೀವು ಕೇಳಬಹುದು: "ಯೀಸ್ಟಿನ ಹೊಟ್ಟೆಯಲ್ಲಿ ಯಾವುದೋ ಕತ್ತರಿ ಆಡಿದರೆ ನಮಗೇನಪ್ಪಾ?" ನ್ಯಾಯವಾದ ಪ್ರಶ್ನೆ. ಉತ್ತರ ಇಲ್ಲಿದೆ.

ನಮ್ಮ ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಬೀಟಾ ಗ್ಲೋಬಿನ್ ಎಂಬ ವಂಶವಾಹಿ ಮಾಡಿಸುತ್ತದೆ. ಅದರಲ್ಲಿ ಮೂರು ಎಕ್ಸಾನು, ಎರಡು ಇಂಟ್ರಾನು. ಮೊದಲ ಇಂಟ್ರಾನಿನಲ್ಲಿ 130 ಅಕ್ಷರಗಳು. ಕೆಲವರಲ್ಲಿ ಅದರ ಐದನೆಯ ಅಕ್ಷರ ಬದಲಾಗಿರುತ್ತದೆ. ಬಾಂದು ಕಲ್ಲು ಮಸುಕಾದ ಹಾಗೆ. ಆಗ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ, ಸರಿಯಾದ ಗ್ಲೋಬಿನ್ ಬಹಳ ಕಡಿಮೆ ತಯಾರಾಗುತ್ತದೆ. ಇದೇ ಥಲಸೀಮಿಯಾ. ಭಾರತದಲ್ಲಿ ಈ ರೋಗಕ್ಕೆ ಅತಿ ಸಾಮಾನ್ಯ ಕಾರಣ ಈ ಐದನೆಯ ಅಕ್ಷರದ ತಪ್ಪೇ. ಯೀಸ್ಟಿನಲ್ಲೂ ಐದನೆಯ ಅಕ್ಷರ ಕೆಟ್ಟರೆ ಕತ್ತರಿ ದಾರಿ ತಪ್ಪುತ್ತದೆ ಎಂದು 1985ರಲ್ಲೇ ವಿಜ್ಞಾನಿಗಳು ತೋರಿಸಿದ್ದರು. ಬನ್ನಿನ ಯೀಸ್ಟಿಗೂ ನಮ್ಮ ಮಗುವಿನ ರಕ್ತಕ್ಕೂ ಇರುವ ನಂಟು ಇದು.

ತಪ್ಪು ಒಂದೇ ಪ್ರತಿಯಲ್ಲಿದ್ದರೆ ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ, ಹೊಲದಲ್ಲಿ ದುಡಿಯುತ್ತಾನೆ. ತನ್ನಲ್ಲಿ ಅದು ಇದೆ ಎಂದೇ ಅವನಿಗೆ ಗೊತ್ತಿರುವುದಿಲ್ಲ. ನಮ್ಮ ದೇಶದಲ್ಲಿ ಸರಾಸರಿ ನೂರಕ್ಕೆ ಮೂರು-ನಾಲ್ಕು ಮಂದಿ ಹೀಗೆ ಥಲಸೀಮಿಯಾ ಹೊತ್ತವರೆಂದು ಅಂದಾಜು. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಕೆಲವು ತಿಂಗಳು ಕಳೆಯುತ್ತಲೇ ಬಿಳಿಚಿಕೊಳ್ಳುತ್ತದೆ. ಆಮೇಲೆ ಎರಡು, ಮೂರು, ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಾ ಬದುಕಿಸಿಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಿಂದಿನಿಂದ ಬಂದ ಸಂಪ್ರದಾಯ. ಗಡಿಯ ಆ ಕಡೆಯೂ ಅದೇ, ಈ ಕಡೆಯೂ ಅದೇ. ಲೆಕ್ಕ ನೋಡಿ. ಸೋದರಮಾವನಲ್ಲಿ ಆ ತಪ್ಪು ಇದ್ದರೆ ಅವನ ಅಕ್ಕನಲ್ಲೂ ಇರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಹೊರಗಿನ ಹೆಣ್ಣಾದರೆ ನೂರರಲ್ಲಿ ಮೂರು-ನಾಲ್ಕು. ಸಂಬಂಧ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಅದು ನಿಮ್ಮ ಮನೆಯ ವಿಚಾರ. ಜಾತಕ ನೋಡುವ ಮುಂಚೆ ಗಂಡು ಹೆಣ್ಣು ಇಬ್ಬರಿಗೂ ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದಷ್ಟೇ ನನ್ನ ವಿನಂತಿ. ಹಿಮೋಗ್ಲೋಬಿನ್ ಎ2 ಎಂಬ ಅಂಶವನ್ನು ಅಳೆಯುವ ಪರೀಕ್ಷೆ ಅದು. ಮದುವೆ ಆಗಿಹೋಗಿದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲೇ ವೈದ್ಯರಿಗೆ ವಿಷಯ ತಿಳಿಸಿ. ಇನ್ನೊಂದು ಮಾತು. ಮಗು ಬಿಳಿಚಿಕೊಂಡರೆ ಸೊಸೆಯ ಕಾಲ್ಗುಣ ಎನ್ನುವವರು ಇಂದಿಗೂ ಇದ್ದಾರೆ. ತಪ್ಪು ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೂಡಿದಾಗಲೇ ರೋಗ. ಆ ಹೆಣ್ಣುಮಗಳೊಬ್ಬಳ ಮೇಲೆ ಹೊರೆ ಹೊರಿಸುವುದು ನ್ಯಾಯವೂ ಅಲ್ಲ, ನಿಜವೂ ಅಲ್ಲ.

ಈ ವಿದ್ಯೆ ಔಷಧಕ್ಕೂ ದಾರಿ ಮಾಡಿದೆ. ಮಕ್ಕಳ ಬೆನ್ನುಹುರಿಯ ನರಗಳು ಸೊರಗುವ ಎಸ್.ಎಂ.ಎ. ಎಂಬ ರೋಗಕ್ಕೆ, ಸ್ಪ್ಲೈಸಿಂಗನ್ನೇ ತಿದ್ದುವ ಒಂದು ಔಷಧಕ್ಕೆ 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ಬಡವರ ಕೈಗೆ ಎಟುಕುವಂಥದ್ದಲ್ಲ. ಆದರೂ ಕೆಟ್ಟ ಕತ್ತರಿಯನ್ನು ಸರಿಪಡಿಸಬಹುದು ಎಂಬುದಂತೂ ಸಾಬೀತಾಯಿತು.

ಶ್ರೋತೃಗಳೇ, ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆಯುತ್ತಾರೆ. ಎರಡು ಭಾಷೆ ಬಲ್ಲ ಮಗುವಿಗೆ ಮೂರನೆಯದಾದ ವಿಜ್ಞಾನದ ಭಾಷೆ ದೂರವೇನಲ್ಲ. ಆ ಸಂಸ್ಥೆಯು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ದಿನ ತನ್ನ ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತದೆ. ದಿನ ವಿಚಾರಿಸಿಕೊಂಡು ನಿಮ್ಮ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿ. ಕಂಡಕ್ಟರು ಹೆಸರು ಕೂಗಿದಾಗ ಈ ಸಲ ಇಳಿದುಬಿಡಿ.