ಪ್ರಾಣವಾಯುವೂ ಹಸುಳೆಯ ಕಣ್ಣೂ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ ಆಮ್ಲಜನಕದ ಪಾಠವನ್ನು ನಾನು ಒಂದೇ ಮಾತಿನಿಂದ ಆರಂಭಿಸುತ್ತಿದ್ದೆ: "ಇದಕ್ಕೆ ಪ್ರಾಣವಾಯು ಎಂಬ ಇನ್ನೊಂದು ಹೆಸರುಂಟು, ಆ ಹೆಸರಿನಲ್ಲೇ ಇದರ ಗುಣವೆಲ್ಲ ಅಡಗಿದೆ." ಪ್ರಾಣವಾಯು ಹೆಚ್ಚಾದರೆ ಕೇಡಾದೀತೇ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ನನಗೂ ಉತ್ತರ ತಿಳಿದಿರಲಿಲ್ಲ.

ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ್ದ. ಅವನಿಗೆ ಕಿಟಕಿ ಯಾವ ಕಡೆಗಿದೆ ಎಂಬಷ್ಟು ಬೆಳಕು ಕಾಣುತ್ತಿತ್ತು, ಅಷ್ಟೇ. ಪಾಠವನ್ನು ಕೇಳಿಯೇ ಕಲಿಯುತ್ತಿದ್ದ, ಲೆಕ್ಕದಲ್ಲಿ ಮುಂದಿದ್ದ. ಅವನ ತಾಯಿ ಒಮ್ಮೆ ಹೇಳಿದ್ದರು: "ಏಳು ತಿಂಗಳಿಗೇ ಹುಟ್ಟಿದ್ದು ಮೇಷ್ಟ್ರೇ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಗಾಳಿ ಕೊಟ್ಟು ಉಳಿಸಿದರು. ಕಣ್ಣೊಂದನ್ನು ದೇವರು ಕೊಡಲಿಲ್ಲ." ನಾನೂ ಹಾಗೆಯೇ ನಂಬಿದೆ. ಗಾಜಿನ ಪೆಟ್ಟಿಗೆಗೂ ಕಾಣದ ಕಣ್ಣಿಗೂ ಸಂಬಂಧವಿರಬಹುದೆಂಬ ಊಹೆ ನನಗೆ ಬಂದದ್ದು ನಿವೃತ್ತಿಯ ನಂತರ, ಅವಧಿಗೆ ಮುನ್ನ ಜನಿಸಿದ ಶಿಶುಗಳ ಆರೈಕೆಯ ಚರಿತ್ರೆಯನ್ನು ಓದತೊಡಗಿದಾಗ. ಆ ಹುಡುಗನ ವಿಷಯದಲ್ಲಿ ನಡೆದದ್ದೇನೆಂದು ನಾನು ಹೇಳಲಾರೆ. ಆದರೆ ಆ ಚರಿತ್ರೆ ಓದುಗರು ಅರಿಯತಕ್ಕದ್ದು.

ಮೊದಲಿಗೆ ಪೆಟ್ಟಿಗೆಯ ಮಾತು. 1880ರ ಸುಮಾರಿಗೆ ಪ್ಯಾರಿಸ್ಸಿನ ಹೆರಿಗೆ ತಜ್ಞ ಎತಿಯೆನ್ ತಾರ್ನಿಯೆ ಅಲ್ಲಿನ ಮೃಗಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವನ್ನು ಕಂಡು, ಅದೇ ಬಗೆಯದನ್ನು ಶಿಶುಗಳಿಗಾಗಿ ಮಾಡಿಸಿದನು. ಬಿಸಿನೀರಿನ ಶಾಖವೇ ಅದರ ಗುಟ್ಟು. ನಮ್ಮ ಅಜ್ಜಿಯರು ಹತ್ತಿಯಲ್ಲಿ ಸುತ್ತಿ ಒಲೆಯ ಬಳಿ ಮಲಗಿಸುತ್ತಿದ್ದುದೂ ಇದೇ ತತ್ತ್ವ. (ಏಳು ತಿಂಗಳಿನದು ಉಳಿಯುತ್ತದೆ, ಎಂಟು ತಿಂಗಳಿನದು ಉಳಿಯದು ಎಂಬ ಅವರ ಮಾತಿಗೆ ಮಾತ್ರ ಆಧಾರವಿಲ್ಲ.) ಅಮೆರಿಕದಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಕೋನಿ ಐಲೆಂಡಿನ ಮೋಜಿನ ಜಾತ್ರೆಯಲ್ಲಿ ಇಂತಹ ಪೆಟ್ಟಿಗೆಗಳೊಳಗಿನ ಕೂಸುಗಳನ್ನು ಟಿಕೆಟ್ಟಿಗೆ ತೋರಿಸಿ, ಆ ಹಣದಿಂದಲೇ ಅವುಗಳನ್ನು ಸಾಕಿದನು. ಆಸ್ಪತ್ರೆಗಳು ಕೈಬಿಟ್ಟ ಸಾವಿರಾರು ಕೂಸುಗಳು ಹೀಗೆ ಬದುಕಿದವು. ಅವನು ನಿಜವಾಗಿ ವೈದ್ಯನಾಗಿದ್ದನೆಂಬುದಕ್ಕೆ ಪುರಾವೆ ದೊರೆತಿಲ್ಲ! ಅದೇ ಒಂದು ಪ್ರತ್ಯೇಕ ಲೇಖನಕ್ಕೆ ವಸ್ತು, ಮುಂದೆಂದಾದರೂ ಬರೆದೇನು.

1930ರ ದಶಕದ ಕೊನೆಗೆ ಇನ್‌ಕ್ಯುಬೇಟರುಗಳು ಬಿಗಿಯಾಗಿ ಮುಚ್ಚುವ ಪೆಟ್ಟಿಗೆಗಳಾದವು. ಒಳಗೆ ಬಿಟ್ಟ ಆಮ್ಲಜನಕ ಈಗ ಹೊರಕ್ಕೆ ಸೋರುತ್ತಿರಲಿಲ್ಲ. ದಿನ ತುಂಬದ ಕೂಸು ಎಡೆಬಿಡದೆ ಉಸಿರಾಡುವುದಿಲ್ಲ. ನಾಲ್ಕು ಉಸಿರೆಳೆದು ಸ್ವಲ್ಪ ನಿಲ್ಲಿಸುತ್ತದೆ, ಮತ್ತೆ ಎಳೆಯುತ್ತದೆ. ಆಮ್ಲಜನಕ ಹೆಚ್ಚಿಸಿದರೆ ಈ ಏರುಪೇರು ಹೋಗಿ ಉಸಿರು ಕ್ರಮಬದ್ಧವಾಗುವುದನ್ನು 1940ರ ದಶಕದ ಆರಂಭದಲ್ಲಿ ವೈದ್ಯರು ಗಮನಿಸಿದರು. ನೀಲಿಗಟ್ಟಿದ ಮೈ ಕೆಂಪಾಗುತ್ತಿತ್ತು. ಇದಕ್ಕಿಂತ ಒಳ್ಳೆಯದೇನಿದೆ ಎಂದುಕೊಂಡು, ಅಗತ್ಯವಿದ್ದ ಕೂಸಿಗೂ ಇಲ್ಲದ ಕೂಸಿಗೂ ವಾರಗಟ್ಟಲೆ ಆಮ್ಲಜನಕ ಹರಿಸುವುದು ಒಳ್ಳೆಯ ಆಸ್ಪತ್ರೆಯ ಲಕ್ಷಣವಾಯಿತು.

1942ರಲ್ಲಿ ಬಾಸ್ಟನ್ ನಗರದ ನೇತ್ರವೈದ್ಯ ಥಿಯೊಡೋರ್ ಟೆರ್ರಿ ಒಂದು ವಿಚಿತ್ರವನ್ನು ವರದಿ ಮಾಡಿದರು: ಅವಧಿಪೂರ್ವ ಶಿಶುಗಳ ಕಣ್ಣಿನ ಮಸೂರದ ಹಿಂಬದಿಯಲ್ಲಿ ಬೂದುಬಿಳಿಯ ಪೊರೆ ಬೆಳೆದು ಕುರುಡಾಗಿತ್ತು. ಅದಕ್ಕೆ ರೆಟ್ರೊಲೆಂಟಲ್ ಫೈಬ್ರೊಪ್ಲೇಸಿಯ ಎಂಬ ಉದ್ದನೆಯ ಹೆಸರು ಬಂದಿತು. ಇಂದು ನಾವು ಆರ್‌ಒಪಿ ಎನ್ನುವುದು ಇದನ್ನೇ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಶಿಶುಗಳು ಹೀಗೆ ಕಣ್ಣು ಕಳೆದುಕೊಂಡವೆಂದು ಅಂದಾಜು. 1950ರಲ್ಲಿ ಮಿಷಿಗನ್ ರಾಜ್ಯದಲ್ಲಿ ಆರು ವಾರ ಮುಂಚಿತವಾಗಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು.

ಕಾರಣ ಹುಡುಕುವಾಗ ಎಲ್ಲದರ ಮೇಲೂ ಅನುಮಾನ ಬಂದಿತು: ಬೆಳಕು, ವಿಟಮಿನ್, ಕಬ್ಬಿಣದ ಔಷಧ, ಕೊನೆಗೆ ಆಮ್ಲಜನಕದ ಕೊರತೆ ಕೂಡ! ಔಷಧಗಳ ಕಥೆಯೂ ಹಾಗೆಯೇ. ನ್ಯೂಯಾರ್ಕಿನ ಶಿಶುವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಎಸಿಟಿಎಚ್ ಎಂಬ ಹಾರ್ಮೋನನ್ನು ಕೊಟ್ಟು ನೋಡಿದರು. ಕೊಟ್ಟ 31 ಕೂಸುಗಳಲ್ಲಿ 25ಕ್ಕೆ ದೃಷ್ಟಿ ಉಳಿಯಿತು. ಯಾರಾದರೂ ಹಿಗ್ಗುವ ಫಲ. ಆದರೆ ಅವರು ಹಿಗ್ಗಿ ಕೂರಲಿಲ್ಲ. ಯಾವ ಕೂಸಿಗೆ ಔಷಧ, ಯಾವುದಕ್ಕೆ ಇಲ್ಲ ಎಂಬುದನ್ನು ಅದೃಷ್ಟದ ಎತ್ತಿಗೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿದರು. ಈ ಬಾರಿ ಔಷಧ ಪಡೆದವುಗಳಲ್ಲಿ ಮೂರರಲ್ಲೊಂದು ಕುರುಡಾಯಿತು, ಪಡೆಯದವುಗಳಲ್ಲಿ ಐದರಲ್ಲೊಂದು. ಸಾವೂ ಔಷಧದ ಕಡೆಯೇ ಹೆಚ್ಚು. ರೋಗದ ಮೊದಲ ಹಂತ ಬಹುಪಾಲು ಕೂಸುಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಅದನ್ನೇ ಔಷಧದ ಮಹಿಮೆ ಎಂದು ಎಣಿಸಲಾಗಿತ್ತು. ಸಿಲ್ವರ್‌ಮನ್ ಆಮೇಲೆ ಜೀವಮಾನವಿಡೀ ಪುರಾವೆಯಿಲ್ಲದ ಚಿಕಿತ್ಸೆಯ ವಿರುದ್ಧ ಬರೆಯುತ್ತಲೇ ಇದ್ದರು. ನನಗಂತೂ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಗೌರವಾರ್ಹ ವ್ಯಕ್ತಿಯಾಗಿ ಕಂಡವರು ಅವರೇ.

ಆಮ್ಲಜನಕದ ಕಡೆಗೆ ಮೊದಲು ಬೆರಳು ತೋರಿದವರು ಆಸ್ಟ್ರೇಲಿಯದ ಮೆಲ್ಬರ್ನಿನ ಶಿಶುವೈದ್ಯೆ ಕೇಟ್ ಕ್ಯಾಂಪ್‌ಬೆಲ್, 1951ರಲ್ಲಿ. ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದ ಕಡೆ ಕುರುಡು ಹೆಚ್ಚು, ಮಿತವಾಗಿ ಕೊಡುತ್ತಿದ್ದ ಕಡೆ ಕಡಿಮೆ ಎಂದು ಅವರು ತೋರಿಸಿದರು. ಸಿರಿವಂತ ದೇಶಗಳ ಸುಸಜ್ಜಿತ ಆಸ್ಪತ್ರೆಗಳಲ್ಲೇ ಈ ರೋಗ ಏಕೆಂಬ ಒಗಟು ಇದರಿಂದ ಬಿಡಿಸಿಕೊಂಡಿತು. ಸಿಲಿಂಡರಿಗೆ ಹಣವಿಲ್ಲದಿದ್ದ ಬಡ ಆಸ್ಪತ್ರೆಯ ಕೂಸುಗಳು, ಬದುಕಿದ್ದರೆ, ಕಣ್ಣುಳ್ಳವಾಗಿ ಬದುಕಿದ್ದವು.

ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಗ್ಯಾಲಿಂಜರ್ ಮುನಿಸಿಪಲ್ ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಜ್ ಎಂಬ ತರುಣ ನೇತ್ರವೈದ್ಯ ಇದನ್ನು ಪ್ರಯೋಗದಿಂದ ಪರೀಕ್ಷಿಸಹೊರಟರು. ಸರ್ಕಾರದಿಂದ ಹಣ ದೊರೆಯಲಿಲ್ಲ. ಆಮ್ಲಜನಕ ಕಡಿಮೆ ಮಾಡಿ ಕೂಸುಗಳನ್ನು ಕೊಲ್ಲುವಿರೆಂಬ ಆಕ್ಷೇಪ. ಅವರು ಅಣ್ಣನಿಂದ ಸಾಲ ತಂದು ಕೆಲಸ ನಡೆಸಿದರು. ಇನ್ನೊಂದು ತೊಡಕು ರಾತ್ರಿಯದು. ಕಡಿಮೆ ಆಮ್ಲಜನಕದ ಗುಂಪಿಗೆ ಸೇರಿದ ಕೂಸುಗಳನ್ನು ನೋಡಿ ಮರುಗಿದ ಕೆಲವು ದಾದಿಯರು, ವೈದ್ಯರು ಮನೆಗೆ ಹೋದ ಮೇಲೆ ಗುಟ್ಟಾಗಿ ನಲ್ಲಿ ತಿರುಗಿಸಿ ಆಮ್ಲಜನಕ ಹರಿಸುತ್ತಿದ್ದರಂತೆ. ಇದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಹೆಣ್ಣುಮಕ್ಕಳ ಜಾಗದಲ್ಲಿ ನಾನಿದ್ದರೂ ನಲ್ಲಿ ತಿರುಗಿಸುತ್ತಿದ್ದೆ.

ಕಡೆಗೆ 1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಂದಾಗಿ 786 ಶಿಶುಗಳ ಮೇಲೆ ಅಧ್ಯಯನ ನಡೆಸಿ ಸಂಶಯವನ್ನು ತೀರಿಸಿದವು. ಎಂದಿನಂತೆ ಆಮ್ಲಜನಕ ಪಡೆದವುಗಳಲ್ಲಿ ನೂರಕ್ಕೆ 23ರ ಕಣ್ಣಿನಲ್ಲಿ ರೋಗದ ಕಲೆ ಉಳಿಯಿತು. ಮಿತವಾಗಿ ಪಡೆದವುಗಳಲ್ಲಿ ನೂರಕ್ಕೆ 7ರಲ್ಲಿ.

ಕಾರಣವನ್ನು ಸರಳವಾಗಿ ಹೀಗೆ ಹೇಳಬಹುದು. ಅಕ್ಷಿಪಟಲದ, ಅಂದರೆ ರೆಟಿನಾದ, ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳಲ್ಲಿ ನಡುವಿನಿಂದ ಬೆಳೆಯತೊಡಗಿ, ಅಂಚನ್ನು ಮುಟ್ಟುವುದು ದಿನ ತುಂಬುವ ವೇಳೆಗೆ. ಗರ್ಭದಲ್ಲಿ ಆಮ್ಲಜನಕ ಕಡಿಮೆ. ಆ ಕೊರತೆಯೇ ನಾಳಗಳನ್ನು ಮುಂದಕ್ಕೆ ಕರೆಯುವ ಕರೆ. ಬೇಗ ಹುಟ್ಟಿದ ಕೂಸಿಗೆ ಅತಿಯಾಗಿ ಆಮ್ಲಜನಕ ಕೊಟ್ಟರೆ ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ಮೇಲೆ ನಾಳವಿಲ್ಲದ ಭಾಗ ರಕ್ತಕ್ಕಾಗಿ ಹಸಿಯುತ್ತದೆ. ಆಗ ಹುಟ್ಟುವ ನಾಳಗಳು ದಾರಿತಪ್ಪಿ ಬೆಳೆದು, ಅಕ್ಷಿಪಟಲವನ್ನೇ ಎಳೆದು ಕಳಚುತ್ತವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆ ಅಧ್ಯಯನದಲ್ಲಿ ಒಂದು ಬಿರುಕಿತ್ತು. ಕೂಸುಗಳನ್ನು ಸೇರಿಸಿಕೊಂಡದ್ದು ಹುಟ್ಟಿದ 48 ಗಂಟೆಗಳ ನಂತರ. ಸಾಯುವ ಕೂಸುಗಳು ಬಹುಮಟ್ಟಿಗೆ ಸಾಯುವುದು ಆ 48 ಗಂಟೆಗಳಲ್ಲೇ. ಇದನ್ನು ಮರೆತು ಎಲ್ಲೆಡೆ ಆಮ್ಲಜನಕ ಶೇಕಡಾ 40ನ್ನು ಮೀರಬಾರದೆಂಬ ಕಟ್ಟಳೆ ಬಂದಿತು. ಕುರುಡು ಇಳಿಯಿತು. ಆದರೆ ಶ್ವಾಸಕೋಶ ಬಲಿಯದ ಕೂಸುಗಳು ಉಸಿರು ಸಾಲದೆ ತೀರಿಕೊಂಡವು. 1973ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಲೆಕ್ಕ ಹಾಕಿ, ಒಂದು ಕೂಸಿನ ಕಣ್ಣುಳಿಸಲು ಸುಮಾರು 16 ಕೂಸುಗಳ ಪ್ರಾಣ ತೆತ್ತಿರಬಹುದೆಂದರು. ಗ್ಯಾಲಿಂಜರ್ ಆಸ್ಪತ್ರೆಯ ದಾದಿಯರ ಭಯ ಪೂರ್ತಿ ಸುಳ್ಳಾಗಿರಲಿಲ್ಲ.

ಶ್ವಾಸಕೋಶ ಅರಳಿ ನಿಲ್ಲಲು ಬೇಕಾದ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಈ ಕೂಸುಗಳಲ್ಲಿ ಸಾಲದೆಂಬುದನ್ನು ಮೇರಿ ಎಲೆನ್ ಏವರಿ 1959ರಲ್ಲೇ ತೋರಿಸಿದ್ದರೂ ಅದನ್ನು ಹೊರಗಿನಿಂದ ಕೊಡುವ ವಿದ್ಯೆ ಕೈಗೂಡಿರಲಿಲ್ಲ. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟರೂ 39 ಗಂಟೆಗಳಲ್ಲಿ ತೀರಿಕೊಂಡನು. ಇಂದು ಅಂತಹ ಕೂಸು ಬದುಕುವುದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಸಾಮಾನ್ಯ.

ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆಯದೆ ಕೊಟ್ಟದ್ದೂ ತಪ್ಪು, ಅಳೆಯದೆ ತಡೆದದ್ದೂ ತಪ್ಪು. 1974ರಲ್ಲಿ ಜಪಾನಿನ ತಕುವೊ ಅಓಯಾಗಿ ರೂಪಿಸಿದ ಪಲ್ಸ್ ಆಕ್ಸಿಮೀಟರಿನ ತತ್ತ್ವ 80ರ ದಶಕದಲ್ಲಿ ಆಸ್ಪತ್ರೆಗಳಿಗೆ ಬಂದಿತು. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಅದೇ. ಅಷ್ಟಾದರೂ ಸರಿಯಾದ ಪ್ರಮಾಣ ಯಾವುದೆಂಬ ಪ್ರಶ್ನೆ ಸುಲಭವಾಗಲಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಶೇಕಡಾ 85-89ರ ಗುರಿಯಿಟ್ಟ ಕೂಸುಗಳಲ್ಲಿ ಕಣ್ಣಿನ ತೀವ್ರ ರೋಗ ಕಡಿಮೆ, ಸಾವು ಹೆಚ್ಚು. 91-95ರ ಗುರಿಯಿಟ್ಟವುಗಳಲ್ಲಿ ಸಾವು ಕಡಿಮೆ, ಕಣ್ಣಿನ ರೋಗ ಹೆಚ್ಚು. ಅದೇ ತಕ್ಕಡಿ, ಅದೇ ತೂಕ.

ನಮ್ಮ ದೇಶಕ್ಕೆ ಈ ರೋಗ ತಡವಾಗಿ ಬಂದಿತು. ಕೂಸುಗಳನ್ನು ಉಳಿಸುವ ಘಟಕಗಳು ಬಂದ ಹಿಂದೆಯೇ ಬಂದಿತು. ಪಶ್ಚಿಮದಲ್ಲಿ ಈಗ ತೀರ ಚಿಕ್ಕ ಕೂಸುಗಳಿಗೆ ಮಾತ್ರ ತಗಲುವ ಇದು ಇಲ್ಲಿ ಒಂದೂವರೆ ಕೆಜಿಗಿಂತ ಹೆಚ್ಚು ತೂಗುವ ಕೂಸುಗಳನ್ನೂ ಬಿಡುವುದಿಲ್ಲ. ಆದ್ದರಿಂದ 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಗುವ ಪ್ರತಿ ಕೂಸಿನ ಕಣ್ಣನ್ನೂ ಮೂವತ್ತು ದಿನ ತುಂಬುವುದರೊಳಗೆ ನೋಡಿಸಬೇಕೆಂಬುದು ನಮ್ಮ ವೈದ್ಯರ ನಿಯಮ. ಇನ್ನೂ ಚಿಕ್ಕವಕ್ಕೆ ಇನ್ನೂ ಬೇಗ. ಈ ಪರೀಕ್ಷೆಯ ಮಾತನ್ನು ಯಾರೂ ಹೇಳದೆ ಹೋದದ್ದರಿಂದ ದೃಷ್ಟಿ ಕಳೆದುಕೊಂಡ, 1996ರಲ್ಲಿ ಜನಿಸಿದ ತಮಿಳುನಾಡಿನ ಒಂದು ಮಗುವಿಗೆ 1 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಆದೇಶಿಸಿತು.

ಕರ್ನಾಟಕದ ಪಾಲಿಗೆ ಹೆಮ್ಮೆಯ ಸಂಗತಿಯೊಂದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಶಿಶುಘಟಕಗಳಿಗೆ ಹೋಗಿ ಕೂಸಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ; ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರು ಅದನ್ನು ನೋಡುತ್ತಾರೆ. ರೋಗ ಮುಂದುವರಿದಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆ ಆಗಬೇಕು. ತಡವಾದರೆ ಮಾಡುವುದೇನೂ ಉಳಿಯದು.

ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಂದು ಹೆಣ್ಣುಕೂಸು ಮೂವತ್ತೆರಡನೆಯ ವಾರಕ್ಕೆ ಹುಟ್ಟಿ ಮನೆಗೆ ಬಂದಿತು. ಆಸ್ಪತ್ರೆಯ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕವಿತ್ತು. ಅಜ್ಜಿ ಬೇಡವೆಂದರು: "ಕಣ್ಣು ಮುತ್ತಿನ ಹಾಗಿದೆ ಮೇಷ್ಟ್ರೇ. ದೀಪ ಹಿಡಿದರೆ ನೋಡುತ್ತೆ. ಎಳೆಗೂಸನ್ನು ಬಸ್ಸಿನಲ್ಲಿ ಯಾಕೆ ಅಲೆಸಬೇಕು?" ರೋಗವಿದ್ದರೂ ಈ ವಯಸ್ಸಿನಲ್ಲಿ ಹೊರಗಿನಿಂದ ಕಣ್ಣು ಮುತ್ತಿನ ಹಾಗೆಯೇ ಇರುತ್ತದೆಂದು ನಾನು ಹೇಳಿದೆ, ಎಂಟನೆಯ ತರಗತಿಯ ಆ ಹುಡುಗನ ಕಥೆಯನ್ನೂ ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಮರುದಿನ ಬೆಳಗಿನ ಆರೂವರೆಯ ಬಸ್ಸಿಗೆ ತಾಯಿ, ಅಜ್ಜಿ, ಕೂಸು ಮೂವರೂ ಹೊರಟರು. ಆ ಸಲ ಏನೂ ಕಂಡುಬರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ತೋರಿಸಬೇಕೆಂದು ಬರೆದುಕೊಟ್ಟಿದ್ದರು. ಆ ದಿನಾಂಕವನ್ನು ಅಜ್ಜಿಯೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಂಡರು.